ರೈಲು ನಮ್ಮೂರಲ್ಲಿ ನಿಲ್ಲಲಿ, ನಿಂತ ರೈಲನ್ನು ನಾವು ಹತ್ತೋಣ

ಹೋದ ವಾರ ಸಾಗರ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದೆ. ಬೋರ್ಡಿನಲ್ಲಿ ಸಾಗರ ಜಂಬಗಾರು ಅಂತ ಇದ್ದರೂ ನಮಗೆಲ್ಲ ಅದು ಬರೀ ಸಾಗರ. ಪಕ್ಕದ ಬೆಂಚಿನಲ್ಲಿ ಒಬ್ಬ ಅಜ್ಜಿ ಕೂತಿದ್ದರು. ಶಿವಮೊಗ್ಗದ ಆಸ್ಪತ್ರೆಗೆ ಹೊರಟಿದ್ದರು.

"ಬಸ್ಸಿಗೆ ಹೋಗಬಹುದಿತ್ತಲ್ಲ ಅಜ್ಜಿ, ಬೇಕಾದಷ್ಟು ಇದಾವೆ" ಅಂದೆ.

"ಬಸ್ಸಲ್ಲಿ ತಲೆ ತಿರುಗುತ್ತೆ ಮಗಾ. ನಡುವೆ ನಿಲ್ಸಿ ಅಂತ ಎಷ್ಟು ಸಲ ಕೇಳೋದು? ರೈಲಲ್ಲಾದ್ರೆ ಕಕ್ಕಸು ಇರುತ್ತೆ, ಕಾಲೂ ಚಾಚಬಹುದು."

ಆ ಮಾತು ಇನ್ನೂ ತಲೆಯಲ್ಲೇ ಇದೆ. ಸಣ್ಣ ಊರಿಗೆ ರೈಲು ಯಾಕೆ ಬೇಕು ಅಂತ ಕೇಳುವವರಿಗೆ ಅಜ್ಜಿ ಕೊಟ್ಟಿದ್ದಕ್ಕಿಂತ ಒಳ್ಳೆಯ ಉತ್ತರ ನನ್ನ ಹತ್ತಿರ ಇಲ್ಲ.

ಈಗ ಎಲ್ಲ ಕಡೆ ಸ್ಟೇಷನ್‌ಗಳಿಗೆ ಹೊಸ ರೂಪ ಕೊಡುವ ಕೆಲಸ ನಡೆಯುತ್ತಿದೆ. ಅಮೃತ ಭಾರತ ಯೋಜನೆಯಲ್ಲಿ 2023ರ ಆಗಸ್ಟ್‌ನಲ್ಲಿ ಒಂದೇ ದಿನ 508 ಸ್ಟೇಷನ್‌ಗಳ ಕೆಲಸಕ್ಕೆ ಶಂಕುಸ್ಥಾಪನೆ ಆಯಿತು. ಆಗಲಿ, ಸಂತೋಷ. ಮಲೆನಾಡಿನ ಮಳೆಯಲ್ಲಿ ಪ್ಲಾಟ್‌ಫಾರ್ಮಿಗೊಂದು ಸೂರು ಎಷ್ಟು ಮುಖ್ಯ ಅಂತ ನೆನೆದವರಿಗೇ ಗೊತ್ತು. ಆದರೆ ಸ್ಟೇಷನ್ನಿಗೆ ಜೀವ ಬರುವುದು ರೈಲು ಬಂದು ನಿಂತಾಗ. ಅದೂ ಜನಕ್ಕೆ ಅನುಕೂಲವಾಗುವ ಹೊತ್ತಿನಲ್ಲಿ ನಿಂತಾಗ.

ಸಾಗರದ ಮೇಲೆ ಹೋಗುವ ನಮ್ಮ ಶಿವಮೊಗ್ಗ–ತಾಳಗುಪ್ಪ ಮಾರ್ಗದ ಕಥೆಯನ್ನೇ ನೋಡಿ. ಹಳಿ ಕಿರಿದಾಗಿದ್ದ ಮೀಟರ್ ಗೇಜ್ ಕಾಲದಲ್ಲಿ ಇಲ್ಲಿ ರೈಲು ಬಸ್ಸು ಓಡುತ್ತಿತ್ತು. ಹಳಿ ಮೇಲೆ ಓಡುವ ಬಸ್ಸೇ ಅದು. ನಿಧಾನ ಹೌದು, ಆದರೆ ಕಾಡಿನ ನಡುವಿನ ಊರುಗಳಿಗೆ ಅದು ನಮ್ಮದು ಅನ್ನಿಸುತ್ತಿತ್ತು. ಹಳಿ ಅಗಲವಾಗಿ, ಅಂದರೆ ಬ್ರಾಡ್‌ಗೇಜ್ ಆಗಿ, 2011ರಲ್ಲಿ ತಾಳಗುಪ್ಪದವರೆಗೆ ದೊಡ್ಡ ರೈಲು ಬಂತು. ಈಗ ರಾತ್ರಿ ತಾಳಗುಪ್ಪದಲ್ಲಿ ಹತ್ತಿ ಮಲಗಿದರೆ ಬೆಳಗಿನ ಜಾವಕ್ಕೆ ಬೆಂಗಳೂರು. ಇದರಿಂದ ಎಷ್ಟು ಮನೆಗಳ ಮಕ್ಕಳು ಹಬ್ಬಕ್ಕೆ ಊರಿಗೆ ಬರುವಂತಾಯಿತು!

ದೂರದ ಊರು ಹತ್ತಿರವಾಯಿತು. ಹತ್ತಿರದ ಓಡಾಟದ ಬಗ್ಗೆಯೂ ಅಷ್ಟೇ ಕಾಳಜಿ ಬೇಕಲ್ವಾ? ಆನಂದಪುರದಿಂದ ಕಾಲೇಜಿಗೆ, ಕುಂಸಿಯಿಂದ ಕೆಲಸಕ್ಕೆ ಹೋಗುವವರಿಗೆ ಬೇಕಾಗಿರುವುದು ಬೆಳಿಗ್ಗೆ ಕರೆದುಕೊಂಡು ಹೋಗಿ ಸಂಜೆ ಮನೆಗೆ ಬಿಡುವ ಲೋಕಲ್ ರೈಲು. ಇದೇ ಮಾರ್ಗದ ಅರಸಾಳಿನ ಹಳೇ ಸ್ಟೇಷನ್ ಕಟ್ಟಡ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಆಯಿತು. ಅದನ್ನು ನೋಡಲು ಬರುವವರೂ ಕಾರು ಬಿಟ್ಟು ರೈಲಲ್ಲೇ ಬರಲಿ ಅಂತ ನನಗೆ ಆಸೆ.

ಕೊರೋನಾ ಕಾಲ ಇಂಥ ಸಣ್ಣ ಓಡಾಟಕ್ಕೇ ಜಾಸ್ತಿ ಪೆಟ್ಟು ಕೊಟ್ಟಿತು. ದೇಶದಲ್ಲೆಲ್ಲ ಪ್ಯಾಸೆಂಜರ್ ರೈಲುಗಳು ನಿಂತವು. ಮತ್ತೆ ಶುರುವಾದಾಗ ಸ್ಪೆಷಲ್, ಎಕ್ಸ್‌ಪ್ರೆಸ್ ಅಂತ ಹೆಸರಿಟ್ಟುಕೊಂಡು ಬಂದವು. 10 ರೂಪಾಯಿ ಇದ್ದ ಕನಿಷ್ಠ ಟಿಕೆಟ್ 30 ಆಯಿತು. 2024ರ ಫೆಬ್ರವರಿಯಲ್ಲಿ ಮತ್ತೆ 10ಕ್ಕೆ ಇಳಿಯಿತು. ಅಷ್ಟು ವರ್ಷದಲ್ಲಿ ಎಷ್ಟೋ ಜನರಿಗೆ ರೈಲಿನ ಅಭ್ಯಾಸವೇ ತಪ್ಪಿತ್ತು. ಎಷ್ಟೋ ಸಣ್ಣ ಸ್ಟೇಷನ್‌ಗಳ ನಿಲುಗಡೆಯೂ ಹೋಗಿತ್ತು.

ನಿಲುಗಡೆ ಕೇಳಿದರೆ ಆದಾಯ ಎಷ್ಟು ಅಂತ ಕೇಳುತ್ತಾರೆ. ಕೆಲವು ಕಡೆ ಆರು ತಿಂಗಳಿಗೆ ಪ್ರಾಯೋಗಿಕ ನಿಲುಗಡೆ ಕೊಟ್ಟು, ಟಿಕೆಟ್ ಎಷ್ಟು ಹೋಯಿತು ಅಂತ ಲೆಕ್ಕ ನೋಡುತ್ತಾರೆ. ಲೆಕ್ಕ ಬೇಡ ಅಂತ ನಾನು ಹೇಳಲ್ಲ. ಆದರೆ ಹೊತ್ತಲ್ಲದ ಹೊತ್ತಿನಲ್ಲಿ ರೈಲು ನಿಲ್ಲಿಸಿ, ಜನ ಹತ್ತಲಿಲ್ಲ ಅಂತ ನಿಲುಗಡೆ ತೆಗೆದರೆ ಅದು ನ್ಯಾಯವಲ್ಲ. ಜಾತ್ರೆ ಬಂದಾಗ ಸಣ್ಣ ಸ್ಟೇಷನ್‌ಗಳಲ್ಲೂ ಎಕ್ಸ್‌ಪ್ರೆಸ್ ಒಂದು ನಿಮಿಷ ನಿಲ್ಲುತ್ತದೆ. ಉಳಿದ ದಿನವೂ ಅಲ್ಲಿ ಜನ ಇರುತ್ತಾರೆ.

ತಾಳಗುಪ್ಪದಿಂದ ಹೊನ್ನಾವರಕ್ಕೆ ರೈಲು ಬೇಕು ಅನ್ನುವ ಕೂಗು ಹಳೆಯದು. ಆದರೆ ಅದಕ್ಕೆ ಘಟ್ಟದ ಕಾಡು ಕಡಿಯಬೇಕು, ಹಾಗಾಗಿ ನನ್ನ ಮನಸ್ಸು ಒಪ್ಪುವುದಿಲ್ಲ. ಇರುವ ಹಳಿಯ ಮೇಲೆ ಹಗಲು ಇನ್ನೊಂದು ರೈಲು ಓಡಿಸಿ ಅಂತ ಕೇಳೋಣ. ತಾಳಗುಪ್ಪದಲ್ಲಿ ಇಳಿದವರಿಗೆ ಜೋಗಕ್ಕೆ ಹೋಗಲು, ರೈಲಿನ ಸಮಯಕ್ಕೆ ಸರಿಯಾಗಿ ಒಂದು ಬಸ್ಸು ಕೇಳೋಣ. ಉಳಿದಿರುವುದು 15 ಕಿ.ಮೀ. ಆಸುಪಾಸು, ಅಷ್ಟೇ.

ನಮ್ಮ ಕಡೆಯಿಂದಲೂ ಒಂದು ಕೆಲಸ ಇದೆ. ಎರಡೇ ಸ್ಟೇಷನ್ ದೂರ ಅಂತ ಟಿಕೆಟ್ ಇಲ್ಲದೆ ಹತ್ತಬೇಡಿ. ಕೌಂಟರಿನಲ್ಲಿ ತಗೊಳ್ಳಿ, ಮೊಬೈಲಲ್ಲಿ ತಗೊಳ್ಳಿ, ಹತ್ತುವ ಸ್ಟೇಷನ್ ಅಂತ ನಿಮ್ಮೂರಿನ ಹೆಸರೇ ಇರಲಿ. ಅಜ್ಜಿ ತಮ್ಮ ಟಿಕೆಟನ್ನು ಕರವಸ್ತ್ರದ ತುದಿಗೆ ಗಂಟು ಹಾಕಿಕೊಂಡಿದ್ದರು. ರೈಲು ಬಂದಾಗ ಮೊದಲು ಆ ಗಂಟನ್ನು ಮುಟ್ಟಿ ನೋಡಿಕೊಂಡು, ಆಮೇಲೆ ನನ್ನ ಕೈ ಹಿಡಿದು ಹತ್ತಿದರು.