ಚಟ್ನಿ ಮೇಲೆ ಬಂದ ಅಪವಾದ

ಟ್ರಕ್ಕಿನ ಹಿಂದೆ ಕಟ್ಟಿ ಎಳೆದೊಯ್ಯುವ ಪುಟ್ಟ ಮನೆಯಂಥ ನಮ್ಮ ಟ್ರೈಲರಿನಲ್ಲಿ ಏನೇ ಕೆಟ್ಟರೂ ನಮ್ಮವರ ಕಣ್ಣು ಮೊದಲು ಹೋಗುವುದು ಅಡುಗೆ ಕಟ್ಟೆ ಕಡೆಗೆ. ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್‌ನ ಮೇದರ್ ಕ್ಯಾಂಪ್‌ಗ್ರೌಂಡಿನಲ್ಲಿ ಬೆಳಗಿನ ಜಾವ ಹೀಟರ್ ನಿಂತಾಗಲೂ ಅಷ್ಟೇ. ಈ ಜಾಗ ಇರುವ ಸೌತ್ ರಿಮ್, ಅಂದರೆ ಕಣಿವೆಯ ದಕ್ಷಿಣದ ಅಂಚು, ಹೆಚ್ಚುಕಡಿಮೆ 7,000 ಅಡಿ ಎತ್ತರ. ಫೀನಿಕ್ಸ್‌ನಲ್ಲಿ ಬೆವರಿ ಬಂದವರು ಇಲ್ಲಿ ಗಡಗಡ ನಡುಗಬೇಕು. ಇಲ್ಲಿ ಟ್ರೈಲರಿಗೆ ಕರೆಂಟ್ ಕನೆಕ್ಷನ್ ಕೊಡುವುದಿಲ್ಲ. ಹೀಟರಿಗೆ ಗ್ಯಾಸ್ ಇದ್ದರೆ ಸಾಲದು, ಅದರ ಫ್ಯಾನ್ ತಿರುಗಲು ಬ್ಯಾಟರಿ ಬೇಕು.

“ಸಂಜೆ ನಿಮ್ಮಮ್ಮ ಮಿಕ್ಸಿ ಹಾಕಿದ್ರಲ್ಲ, ಅದಕ್ಕೇ!” ಅಂದರು.

ಅಮ್ಮ ತಿಪಟೂರಿನವರು. ಕಾಯಿಚಟ್ನಿ ಇಲ್ಲದ ದೋಸೆ ಅವರ ಲೆಕ್ಕದಲ್ಲಿ ದೋಸೆಯೇ ಅಲ್ಲ. ಅಳಿಯನಿಗೆ ಎದುರು ಮಾತಾಡುವವರೂ ಅಲ್ಲ. ಕಂಬಳಿಯಿಂದ ಮೂಗು ಮಾತ್ರ ಹೊರಗಿಟ್ಟು ನನಗೆ ಹೇಳಿದರು: “ಕೇಳೇ, ರಾತ್ರಿಯೆಲ್ಲಾ ನಾನೇನು ನಿದ್ದೆಗಣ್ಣಲ್ಲಿ ಚಟ್ನಿ ರುಬ್ತಿದ್ನಾ?”

ಬೆಳಗ್ಗೆ ಪಕ್ಕದ ಟ್ರೈಲರಿನ ಅಜ್ಜ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿದು ಬಂದರು. ರಿಟೈರ್ ಆದ ಗಂಡಸರಿಗೆ ಬೇರೆಯವರ ಬ್ಯಾಟರಿ ಅಂದರೆ ಎಲ್ಲಿಲ್ಲದ ಹುರುಪು. ಮೀಟರ್ 11.7 ವೋಲ್ಟ್ ತೋರಿಸಿತು. ಫುಲ್ ಚಾರ್ಜ್ ಆಗಿದ್ದರೆ 12.7 ಇರಬೇಕು. ಒಂದೇ ವೋಲ್ಟ್ ತಾನೇ ಅನ್ನಬೇಡಿ, ನಮ್ಮದರಂಥ ಲೆಡ್ ಆಸಿಡ್ ಬ್ಯಾಟರಿಯ ಇಡೀ ಜೀವ ಅಷ್ಟರಲ್ಲೇ ಇದೆ.

ಅಜ್ಜ ಲೆಕ್ಕ ಹಾಕಿದರು. 750 ವಾಟಿನ ಮಿಕ್ಸಿ ಇನ್ವರ್ಟರ್ ಮೂಲಕ 60 ಆಂಪಿಗೂ ಜಾಸ್ತಿ ಎಳೆಯುತ್ತದೆ, ನಿಜ. ಆದರೆ ಎರಡು ನಿಮಿಷಕ್ಕೆ ಖರ್ಚು ಎರಡು ಆಂಪ್-ಅವರ್ ಚಿಲ್ಲರೆ (ಒಂದು ಆಂಪ್ ಕರೆಂಟ್ ಒಂದು ಗಂಟೆ ಹರಿದರೆ ಒಂದು ಆಂಪ್-ಅವರ್). ಹೀಟರ್ ಫ್ಯಾನ್ ಏಳು ಆಂಪಿನಂತೆ ಐದಾರು ಗಂಟೆ ತಿರುಗಿದರೆ ನಲವತ್ತು! ಚಟ್ನಿ ನಿರ್ದೋಷಿ ಎಂದು ಸಾಬೀತಾಯಿತು. ಅಮ್ಮ ಅಜ್ಜನಿಗೆ ಎರಡು ದೋಸೆ ಜಾಸ್ತಿ ಹಾಕಿದರು.

ಆದರೂ, ಫೀನಿಕ್ಸ್‌ನಿಂದ ಅಷ್ಟು ದೂರ ಟ್ರಕ್ ಓಡಿಸಿಕೊಂಡು ಬಂದೆವಲ್ಲ, ದಾರಿಯಲ್ಲಿ ಬ್ಯಾಟರಿ ತುಂಬಬೇಕಿತ್ತು ಅಲ್ವಾ? ಇಂಜಿನ್ ಸ್ಟಾರ್ಟ್ ಮಾಡಿ ನೋಡಿದರೆ ಟ್ರಕ್ಕಿನಲ್ಲಿ ಕರೆಂಟ್ ತಯಾರಿಸುವ ಆಲ್ಟರ್ನೇಟರಿನಲ್ಲಿ 14.2 ವೋಲ್ಟ್, ಹಿಂದೆ ಟ್ರೈಲರ್ ಬ್ಯಾಟರಿಯಲ್ಲಿ 13 ಕೂಡ ಇಲ್ಲ. ಟ್ರಕ್ಕಿನಿಂದ ಟ್ರೈಲರಿಗೆ ಕರೆಂಟ್ ದಾಟಿಸುವ ಏಳು ಪಿನ್ನಿನ ಪ್ಲಗ್ಗಿಗೆ ಅಷ್ಟುದ್ದ ಸಣಕಲು ವೈರು, ಜೊತೆಗೆ ತುಕ್ಕು ಹಿಡಿದ ಅರ್ಥ್. ವಿಧಾನಸೌಧದಿಂದ ಹೊರಟ ಅನುದಾನ ಹಳ್ಳಿ ಸೇರುವ ಹಾಗೆ, ವೋಲ್ಟೇಜೂ ದಾರಿಯಲ್ಲೇ ಕರಗುತ್ತಿತ್ತು.

ಊರಿಗೆ ಬಂದ ಮೇಲೆ ನಮ್ಮವರಿಗೆ ಅಪ್‌ಗ್ರೇಡ್ ಭೂತ ಹಿಡಿಯಿತು. ದಪ್ಪ ಕೇಬಲ್ ಬಂತು. ಸೋತು ಬಂದ ವೋಲ್ಟೇಜನ್ನು 14.4ಕ್ಕೆ ಎತ್ತಿಕೊಡುವ ಡಿಸಿ-ಡಿಸಿ ಚಾರ್ಜರ್ ಬಂತು. ಲಿಥಿಯಂ ಬ್ಯಾಟರಿಯೂ ಬಂತು. ಲೆಡ್ ಆಸಿಡ್‌ನಲ್ಲಿ ಅರ್ಧ ಬಳಸಿದರೆ ಹೆಚ್ಚು, ಇದರಲ್ಲಿ ಮುಕ್ಕಾಲಿಗೂ ಜಾಸ್ತಿ ಧಾರಾಳವಾಗಿ ಬಳಸಬಹುದು. ಆದರೆ ಮಹಾರಾಯನಿಗೆ ಚಳಿ ಆಗದು. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಕೆಟ್ಟೇ ಹೋಗುತ್ತದಂತೆ. ಹಾಗಾಗಿ ಅದಕ್ಕೆ ಒಳಗೆ, ಹಾಸಿಗೆ ಕೆಳಗೆ ಬೆಚ್ಚಗಿನ ಜಾಗ ಕೊಟ್ಟೆವು. ಅಲ್ಲಿದ್ದ ಸೋನಾ ಮಸೂರಿ ಮೂಟೆ ಈಗ ಟ್ರಕ್ಕಿನ ಹಿಂದಿನ ಸೀಟಿನಲ್ಲಿ, ಅಮ್ಮನ ಪಕ್ಕ, ಸೀಟ್ ಬೆಲ್ಟ್ ಹಾಕಿಕೊಂಡು ಪ್ರಯಾಣ ಮಾಡುತ್ತದೆ.