ಬಾರದ ಸದಸ್ಯರಿಗೊಂದು ಅಭಿನಂದನಾ ಪತ್ರ

ಜಿಮ್ಮಿಗೆ ಸೇರಬೇಕೋ ಬೇಡವೋ ಎಂದು ಆರು ತಿಂಗಳಿಂದ ಚಿಂತಿಸುತ್ತಿದ್ದ ನನ್ನ ಮಿತ್ರರೊಬ್ಬರು ಕಳೆದ ವರ್ಷ ಎದುರಾದಾಗ, ಆ ಚಿಂತೆಯಿಂದಲೇ ತಮಗೆ ಬೆನ್ನುನೋವು ಬಂದಿದೆ ಎಂದರು. ಆ ಆರು ತಿಂಗಳಲ್ಲಿ ಅವರು ತಮ್ಮ ಮನೆಯ ಸುತ್ತ ಒಂದು ಸುತ್ತನ್ನೂ ನಡೆದಿರಲಿಲ್ಲ. ನಡೆಯುವುದಕ್ಕೆ ತಕ್ಕ ಬೂಟು ಬೇಕು. ಬೂಟು ಕೊಳ್ಳಬೇಕಾದರೆ ನಡೆಯುವುದು ರಸ್ತೆಯ ಮೇಲೋ ಯಂತ್ರದ ಮೇಲೋ ಎಂಬುದು ತಿಳಿಯಬೇಕು. ಅದು ತಿಳಿಯಬೇಕಾದರೆ ಜಿಮ್ಮಿಗೆ ಸೇರುವ ಪ್ರಶ್ನೆ ಇತ್ಯರ್ಥವಾಗಬೇಕು. ಹೀಗೆ ದೇಹವು ಕುರ್ಚಿಯಲ್ಲಿ ಸ್ಥಿರವಾಗಿದ್ದರೂ ಅವರ ವಿಚಾರವು ಮಾತ್ರ ದಿನವೂ ತಪ್ಪದೆ ಪ್ರದಕ್ಷಿಣೆ ಹಾಕುತ್ತಿತ್ತು.

ನಾನು ಕೊಟ್ಟ ಸಲಹೆ ಸರಳವಾಗಿತ್ತು: ಅವಶ್ಯವಾಗಿ ಸೇರಿ, ಆದರೆ ದಯವಿಟ್ಟು ಹೋಗಬೇಡಿ. ಅವರು ಅದನ್ನು ತಮಾಷೆಯೆಂದು ಭಾವಿಸಿದರು. ಆದರೆ ಈ ಉದ್ಯಮ ನಿಂತಿರುವುದೇ ಬಾರದ ಸದಸ್ಯರ ಔದಾರ್ಯದ ಮೇಲೆ. ಹೆಸರು ನೋಂದಾಯಿಸಿದವರೆಲ್ಲರೂ ಒಂದು ಸೋಮವಾರ ಸಂಜೆ ಕೊಟ್ಟ ಮಾತನ್ನು ಉಳಿಸಿಕೊಳ್ಳಲು ಬಂದುಬಿಟ್ಟರೆ ಡಂಬೆಲ್ ಎತ್ತುವುದಿರಲಿ, ಕೈ ಎತ್ತುವುದಕ್ಕೂ ಜಾಗ ಸಿಗುವುದಿಲ್ಲ. ವರ್ಷದ ಶುಲ್ಕವನ್ನು ಮುಂಗಡವಾಗಿ ತೆತ್ತು, ನಾಲ್ಕು ದಿನ ಕನ್ನಡಿಯ ಮುಂದೆ ನಿಂತು, ಐದನೆಯ ದಿನದಿಂದ ಕಣ್ಮರೆಯಾಗುವ ಆರಂಭಶೂರರೇ ಅಲ್ಲಿಯ ದೀಪಕ್ಕೂ, ತಂಪು ಗಾಳಿಗೂ, ನಿತ್ಯವೂ ಬಂದು ಬೆವರು ಸುರಿಸುವ ಕೆಲವೇ ಸ್ವಾರ್ಥಿಗಳು ಸವೆಸಿದ ಯಂತ್ರಗಳ ದುರಸ್ತಿಗೂ ಹಣ ಒದಗಿಸುತ್ತಾರೆ. ಉಳಿದ ಸಂಸ್ಥೆಗಳಲ್ಲಿ ದಾನಿಗಳ ಹೆಸರನ್ನು ಗೋಡೆಯ ಮೇಲೆ ಬರೆಸುತ್ತಾರೆ. ಇಲ್ಲಿ ಮಾತ್ರ ಗೋಡೆಯ ತುಂಬ ಬಂದವರ ತೋಳುಗಳ ಚಿತ್ರ.

ಇದು ಕೇವಲ ನನ್ನ ಕುಹಕವಲ್ಲ. ಅರ್ಥಶಾಸ್ತ್ರಜ್ಞರಾದ ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ ಅವರು ಅಮೆರಿಕದ ಮೂರು ಜಿಮ್ಮುಗಳ 7,752 ಸದಸ್ಯರ ಮೂರು ವರ್ಷಗಳ ಹಾಜರಿಯನ್ನು ಲೆಕ್ಕ ಹಾಕಿ 2006ರಲ್ಲಿ ಪ್ರಕಟಿಸಿದರು. ತಿಂಗಳಿಗೆ 70 ಡಾಲರಿಗೂ ಮಿಕ್ಕ ನಿಗದಿತ ಶುಲ್ಕ ಕಟ್ಟುತ್ತಿದ್ದವರು ತಿಂಗಳಲ್ಲಿ ಸರಾಸರಿ 4.3 ಬಾರಿ ಬರುತ್ತಿದ್ದರು. ಹಾಗಾಗಿ ಒಂದೊಂದು ಭೇಟಿಗೆ ಅವರು ತೆತ್ತದ್ದು 17 ಡಾಲರಿಗೂ ಹೆಚ್ಚು. ಹತ್ತು ಭೇಟಿಗಳ ಪಾಸು ಕೊಂಡಿದ್ದರೆ ಅದೇ ಬಾಗಿಲಿನಿಂದ ಸಲಕ್ಕೆ 10 ಡಾಲರಿನಂತೆ ಒಳಗೆ ಹೋಗಬಹುದಾಗಿತ್ತು. ಆ 0.3 ಭೇಟಿ ಎಂದರೇನು ಎಂದು ಮಿತ್ರರು ಕೇಳಿದರು. ಬಾಗಿಲ ಪಕ್ಕದಲ್ಲಿಯೇ ವಾಹನ ನಿಲ್ಲಿಸಲು ಜಾಗ ಸಿಗದೆ ಹಿಂದಿರುಗಿದ ದಿನವಿರಬೇಕು ಎಂದೆ. ಕೆಲವು ವಾರ ಬಿಡಿ ಭೇಟಿಗಳಿಗೆ ಹಣ ಕೊಟ್ಟು, ಎಷ್ಟು ದಿನ ಹೋಗುತ್ತೇವೆಂದು ಎಣಿಸಿ, ಆಮೇಲೆ ವರ್ಷದ ಮಾತಾಡುವ ದಾರಿಯೂ ಉಂಟು. ಆದರೆ ಆ ದಾರಿಯಲ್ಲಿ ನಮ್ಮ ಬಗ್ಗೆ ನಮಗೇ ಗೊತ್ತಾಗಿಬಿಡುವ ಅಪಾಯವಿದೆ.

ಮಿತ್ರರು ಕೊನೆಗೂ ಸೇರಿದರು. ಮೊದಲ ದಿನ ಅವರನ್ನು ಒಂದು ಯಂತ್ರದ ಮೇಲೆ ಬರಿಗಾಲಲ್ಲಿ ನಿಲ್ಲಿಸಿದರು. ದೇಹದೊಳಗೆ ಕ್ಷೀಣವಾದ ವಿದ್ಯುತ್ತನ್ನು ಹರಿಸಿ, ಅದಕ್ಕೆ ಎದುರಾಗುವ ತಡೆಯಿಂದ ಕೊಬ್ಬಿನ ಪ್ರಮಾಣವನ್ನು ಅಂದಾಜು ಮಾಡುವ ಈ ಯಂತ್ರವು, ಕುಡಿದ ನೀರು ಹೆಚ್ಚುಕಡಿಮೆಯಾದರೂ ತನ್ನ ತೀರ್ಪನ್ನು ಬದಲಿಸಬಲ್ಲದು. ಅದು ಅವರ ದೇಹಕ್ಕೆ ಅವರಿಗಿಂತ ಹನ್ನೊಂದು ವರ್ಷ ಹೆಚ್ಚು ವಯಸ್ಸಾಗಿದೆ ಎಂದು ಘೋಷಿಸಿತು. ಮಿತ್ರರು ಗಾಬರಿಯಿಂದ ಒಂದು ವರ್ಷದ ಬದಲು ಎರಡು ವರ್ಷದ ಸದಸ್ಯತ್ವವನ್ನು ಪಡೆದರು. ವಯಸ್ಸಿನ ಬಾಕಿಯನ್ನು ಕಂತಿನಲ್ಲಿ ತೀರಿಸುವ ಇಂಥ ಸೌಲಭ್ಯ ವೈದ್ಯರ ಬಳಿಯೂ ಇಲ್ಲ.

ಇನ್ನು ಸಮತೋಲಿತ ವ್ಯಾಯಾಮದ ವೇಳಾಪಟ್ಟಿ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೇಳಿದ ಮಾತು ಒಂದು ಚೀಟಿಯಲ್ಲಿ ಹಿಡಿಸುತ್ತದೆ: ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮ ಅಥವಾ 75ರಿಂದ 150 ನಿಮಿಷಗಳ ಬಿರುಸಿನ ಶ್ರಮ, ವಾರದಲ್ಲಿ ಎರಡು ದಿನವಾದರೂ ಪ್ರಮುಖ ಸ್ನಾಯುಗಳಿಗೆಲ್ಲ ಬಲ ಕೊಡುವ ಕೆಲಸ, 65 ದಾಟಿದವರಿಗೆ ಇವುಗಳ ಜೊತೆಗೆ ಮೂರು ದಿನ ದೇಹದ ಸಮತೋಲನಕ್ಕೆ ಒತ್ತು ಕೊಡುವ ಅಭ್ಯಾಸ. ಏನೂ ಮಾಡದಿರುವುದಕ್ಕಿಂತ ಸ್ವಲ್ಪ ಮಾಡುವುದು ಮೇಲು ಎಂದೂ ಅದು ಸೇರಿಸಿತು. ಇಷ್ಟು ಚಿಕ್ಕ ಮಾತಿಗೆ ಯಾರು ತಾನೇ ಹಣ ಕೊಟ್ಟಾರು? ಆದ್ದರಿಂದ ಮಿತ್ರರು ಮೂರು ಆ್ಯಪುಗಳನ್ನೂ ಇಬ್ಬರು ಟ್ರೇನರುಗಳನ್ನೂ ವಿಚಾರಿಸಿ, ಏಳು ಬಣ್ಣಗಳ ಒಂದು ಕೋಷ್ಟಕವನ್ನು ರಚಿಸಿದರು. ಅದನ್ನು ರಚಿಸಲು ಹಿಡಿದದ್ದು ಮೂರು ವಾರ. ಅಷ್ಟರಲ್ಲಿ ಮೇಲಿನ ಚೀಟಿಯ ಲೆಕ್ಕದಲ್ಲಿ ಕನಿಷ್ಠ 450 ನಿಮಿಷಗಳ ನಡಿಗೆ ಮುಗಿದಿರಬೇಕಾಗಿತ್ತು. ಅವರು ಅದನ್ನು ಕುಳಿತೇ ಕಳೆದರು.

ಸಾಧಾರಣ ಶ್ರಮವನ್ನು ಗುರುತಿಸಲು ಒಂದು ಸುಲಭದ ಅಳತೆಯಿದೆ: ಆ ಹೊತ್ತಿನಲ್ಲಿ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಜಿಮ್ಮಿನಲ್ಲಿ ನಾನು ಕಂಡ ಶ್ರಮದಲ್ಲಿ ಹಾಡು, ಭಾಷಣ, ಜಗಳ ಮೂರಕ್ಕೂ ಸಾಕಾಗುವಷ್ಟು ಉಸಿರು ಉಳಿದಿರುತ್ತದೆ. ಎರಡು ಸೆಟ್ಟುಗಳ, ಅಂದರೆ ಒಂದೇ ವ್ಯಾಯಾಮದ ಎರಡು ಸರದಿಗಳ, ನಡುವಿನ ಎರಡು ನಿಮಿಷಗಳ ವಿರಾಮವು ಫೋನು ಕೈಗೆ ಬಂದೊಡನೆ ಇಪ್ಪತ್ತಾಗುತ್ತದೆ. ಆ ಅವಧಿಯಲ್ಲಿ ಬೆಂಚನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವುದು ಸಾಧನೆಗೆ ಭಂಗ ತರುತ್ತದಂತೆ.

ಸಮತೋಲನವೆಂಬುದನ್ನು ನಿರ್ಧರಿಸುವುದು ಕನ್ನಡಿ. ಕನ್ನಡಿಯಲ್ಲಿ ಕಾಣುವ ಎದೆ ಮತ್ತು ತೋಳುಗಳಿಗೆ ವಾರದಲ್ಲಿ ನಾಲ್ಕು ದಿನ ಮೀಸಲು. ಬೆನ್ನು ಹಿಂದೆ ಇರುವುದರಿಂದ ಅದರ ಯೋಗಕ್ಷೇಮ ಹಿಂದೆ ನಿಂತವರಿಗೆ ಸೇರಿದ್ದು. ದೇಹದ ಅತಿ ದೊಡ್ಡ ಸ್ನಾಯು ನಾವು ಕುಳಿತುಕೊಳ್ಳುವ ಭಾಗದಲ್ಲಿಯೇ ಇದ್ದು, ಮೆಟ್ಟಿಲು ಹತ್ತುವುದಕ್ಕೂ ಕುರ್ಚಿಯಿಂದ ಏಳುವುದಕ್ಕೂ ಅದೇ ಆಸರೆ. ಅದನ್ನು ನಾವು ದಿನಕ್ಕೆ ಹತ್ತು ಗಂಟೆ ಮೆತ್ತೆಯಾಗಿ ಬಳಸುತ್ತೇವೆ. ಕಾಲುಗಳಿಗೆಂದು ಕೋಷ್ಟಕದಲ್ಲಿ ಗುರುವಾರವನ್ನು ಬಿಡಲಾಗಿತ್ತು. ಮೊದಲ ಗುರುವಾರ ಬಸ್ಕಿ ಹೊಡೆದ ಮಿತ್ರರು, ಅಭ್ಯಾಸವಿಲ್ಲದ ಸ್ನಾಯುವಿನ ನೋವು ಒಂದರಿಂದ ಮೂರು ದಿನಗಳ ನಡುವೆ ತುದಿ ಮುಟ್ಟಿ ತಾನಾಗಿ ಇಳಿಯುತ್ತದೆ ಎಂದು ತಿಳಿಯದೆ, ತಮಗೆ ಗುರುವಾರ ಆಗಿಬರುವುದಿಲ್ಲ ಎಂದು ತೀರ್ಮಾನಿಸಿದರು.

ನಿಂತಲ್ಲೇ ಹತ್ತುವ ವಿದ್ಯೆ ಹೊಸದೇನಲ್ಲ. ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಕ್ಯೂಬಿಟ್ 1818ರಲ್ಲಿ ಸೆರೆಮನೆಗಳಿಗಾಗಿ ಟ್ರೆಡ್‌ಮಿಲ್ಲನ್ನು ರೂಪಿಸಿದರು. ಕೈದಿಗಳು ದೊಡ್ಡ ಚಕ್ರದ ಮೆಟ್ಟಿಲುಗಳನ್ನು ಗಂಟೆಗಟ್ಟಲೆ ತುಳಿಯಬೇಕಾಗಿತ್ತು; ಕೆಲವು ಕಡೆ ಅದು ಕಾಳು ಬೀಸಿತು, ಕೆಲವು ಕಡೆ ಬರೀ ಗಾಳಿಯನ್ನು. ಮುಂದೆ 1953ರಲ್ಲಿ ಬ್ರಿಟಿಷ್ ವೈದ್ಯ ಜೆರೆಮಿ ಮಾರಿಸ್ ಮತ್ತು ಅವರ ಸಂಗಡಿಗರು ಲಂಡನ್ನಿನ ಬಸ್ಸುಗಳನ್ನು ಅಧ್ಯಯನ ಮಾಡಿ, ದಿನವಿಡೀ ಕುಳಿತಿರುವ ಚಾಲಕರಿಗಿಂತ ಎರಡಂತಸ್ತಿನ ಬಸ್ಸಿನಲ್ಲಿ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿಳಿಯುವ ಕಂಡಕ್ಟರರಿಗೆ ಹೃದಯದ ಕಾಯಿಲೆ ಕಡಿಮೆ ಎಂದು ತೋರಿಸಿದರು. ಕೈದಿ ಮೆಟ್ಟಿಲು ತುಳಿದದ್ದು ಪುಕ್ಕಟೆಯಾಗಿ. ಕಂಡಕ್ಟರ್ ತುಳಿದದ್ದು ಸಂಬಳಕ್ಕೆ. ನನ್ನ ಮಿತ್ರರು ಹಣ ಕೊಟ್ಟದ್ದು ತುಳಿಯದಿರುವುದಕ್ಕೆ. ನಾಗರಿಕತೆ ಇನ್ನೆಷ್ಟು ಮುಂದುವರಿಯಬೇಕು?

ಅವರು ಒಟ್ಟು ಒಂಬತ್ತು ಬಾರಿ ಹೋದರು. ಈಗ ಸದಸ್ಯತ್ವವನ್ನು ಬಿಡಬೇಕೆಂದಿದ್ದಾರೆ. ಫೋನಿನಲ್ಲಿ ಮೂರು ನಿಮಿಷಗಳಲ್ಲಿ ಸೇರಬಹುದಾದ ಆ ಜಿಮ್ಮನ್ನು ಬಿಡಬೇಕಾದರೆ ಮಾತ್ರ ಖುದ್ದಾಗಿ ಹಾಜರಾಗಿ ಲಿಖಿತ ಮನವಿ ಕೊಡಬೇಕು. ಆ 2006ರ ಅಧ್ಯಯನದಲ್ಲಿಯೂ ಕೊನೆಯ ಭೇಟಿಗೂ ಸದಸ್ಯತ್ವದ ರದ್ದತಿಗೂ ನಡುವೆ ಸರಾಸರಿ ಎರಡು ತಿಂಗಳಿಗೂ ಮಿಕ್ಕ ಕಾಲ ಸರಿದಿತ್ತು. ಮಿತ್ರರದು ಐದನೆಯ ತಿಂಗಳು. ಮನವಿ ಸಿದ್ಧವಾಗಿ ಬೂಟಿನ ಪೆಟ್ಟಿಗೆಯೊಳಗೆ ಭದ್ರವಾಗಿದೆ. ಜಿಮ್ಮು ಅವರ ಮನೆಯಿಂದ ನಡೆದರೆ ಹತ್ತು ನಿಮಿಷದ ದಾರಿ. ಈ ವಾರ ನನಗೆ ಬಿಡುವಿದ್ದರೆ ವಾಹನ ತರಬಹುದೇ ಎಂದು ನಿನ್ನೆ ಕೇಳಿದ್ದಾರೆ.