ಗೆರೆ ಮಾಯವಾದ ಮಾತ್ರಕ್ಕೆ ಎಲ್‌ಸಿಡಿ ಎಸೆಯಬೇಡಿ

ಹಳೇ ಕ್ಯಾಲ್ಕುಲೇಟರಿನ ಅಂಕಿಯಲ್ಲಿ ಗೆರೆ ಮಾಯವಾದರೆ ಎಲ್‌ಸಿಡಿ (ಅಂಕಿ ತೋರಿಸುವ ಗಾಜಿನ ಪರದೆ) ಬದಲಿಸುವುದೊಂದೇ ದಾರಿ ಎಂದು ನಿಮ್ಮ ಬರಹದಲ್ಲಿ ಹೇಳಿದ್ದೀರಿ. ಹಾಗಲ್ಲ ಮಾರಾಯ್ರೆ. ನಮ್ಮ ಮಂಗಳೂರಿನ ಉಪ್ಪುಗಾಳಿ, ಮಳೆಗಾಲದ ತೇವಕ್ಕೆ ಹೆಚ್ಚಾಗಿ ಕೈಕೊಡುವುದು ಸಂಪರ್ಕ. ಗಾಜಿಗೂ ಬೋರ್ಡಿಗೂ ನಡುವೆ ಒತ್ತಿ ಕೂತಿರುವ ಗುಲಾಬಿ ಅಥವಾ ಬೂದು ರಬ್ಬರಿನ ಜೀಬ್ರಾ ಪಟ್ಟಿಯನ್ನು, ಅಂದರೆ ಬೋರ್ಡಿನಿಂದ ಗಾಜಿಗೆ ವಿದ್ಯುತ್ ಸಂಕೇತ ದಾಟಿಸುವ ಪಟ್ಟಿಯನ್ನು, ಮೊದಲು ನೋಡಬೇಕು.

ಎಲ್ಲ ಸ್ಥಾನಗಳಲ್ಲೂ 8 ತುಂಬಿಸಿ, ಡಿಸ್‌ಪ್ಲೇಯ ಚೌಕಟ್ಟನ್ನು ಮೆಲ್ಲಗೆ ಒತ್ತಿ. ಹೋದ ಗೆರೆ ಮರಳಿದರೆ ಗಾಜು ಸರಿಯಿದೆ. ಬ್ಯಾಟರಿ ತೆಗೆದು ಪಟ್ಟಿಯನ್ನೂ ಬೋರ್ಡಿನ ಚಿನ್ನದ ಲೇಪದ ಪ್ಯಾಡುಗಳನ್ನೂ 99% ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಪೂರ್ತಿ ಒಣಗಿಸಿ. ಗಾಜಿನ ಅಂಚನ್ನು ಮಾತ್ರ ಕೆರೆಯಲೇಬೇಡಿ, ಅಲ್ಲಿನ ಪಾರದರ್ಶಕ ವಾಹಕ ಲೇಪ ಕಿತ್ತರೆ ಆ ಗೆರೆ ಶಾಶ್ವತವಾಗಿ ಹೋಯಿತು. ಮತ್ತೆ ಜೋಡಿಸುವಾಗ ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಿರಿ. ಒಂದೇ ಮೂಲೆ ಬಿಗಿದರೆ ಗಾಜು ಬಿರುಕು ಬಿಡಬಹುದು. ಪಟ್ಟಿಯ ಬದಲು ಅಂಟಿಸಿದ ರಿಬ್ಬನ್ (ಚಪ್ಪಟೆ ತಂತಿಪಟ್ಟಿ) ಇದ್ದರೆ ಆಲ್ಕೊಹಾಲ್ ಬೇಡ, ಅಂಟು ಬಿಡಬಹುದು.

ಹಸಿರು ಬೆಳಕಿನ ವಿಎಫ್‌ಡಿಯಲ್ಲಿ (ತಾನೇ ಬೆಳಗುವ, ನಿರ್ವಾತ ಗಾಜಿನ ಕೊಳವೆಯ ಡಿಸ್‌ಪ್ಲೇ) ಲೆಕ್ಕವೇ ಬೇರೆ: ಒಂದೇ ಗೆರೆ ಎಲ್ಲ ಅಂಕಿಗಳಲ್ಲೂ ಇಲ್ಲದಿದ್ದರೆ ಆ ಗೆರೆಗೆ ಹೋಗುವ ಸೆಗ್ಮೆಂಟಿನ ಲೈನು, ಒಂದು ಅಂಕಿಯೇ ಪೂರ್ತಿ ಇಲ್ಲದಿದ್ದರೆ ಆ ಅಂಕಿಯನ್ನು ಆರಿಸುವ ಗ್ರಿಡ್ಡಿನ ಲೈನು ಹುಡುಕಿ. ಎಲ್‌ಸಿಡಿಯ ಒಳಗೆ ಮಸಿಯಂತೆ ಕಪ್ಪು ಹರಡಿದ್ದರೆ ಮಾತ್ರ ನೀವು ಹೇಳಿದ ಹಾಗೆ ಬದಲಿಸಬೇಕು.